ಗುಂಡಿ ಓದಿದ್ದು ಯಾರ ಮನೆಯಲ್ಲಿ

ಜೂನ್ 12

ಅಕ್ಕ,

ಗುಂಡಿ ಬಂದು ತಲುಪಿದಳು ಎಂದು ನೀನು ಫೋನಿನಲ್ಲಿ ಹೇಳಿದ್ದು ಸರಿ. ಆದರೆ ನಾಲ್ಕನೇ ಮಾತಿಗೆ ನಮಗೆ ಜಗಳ ಹತ್ತಿತು, ಐದನೇ ಮಾತಿಗೆ ನೀನು ಫೋನ್ ಇಟ್ಟೆ. ಇನ್ನು ಮೇಲೆ ಏನಿದ್ದರೂ ಕಾಗದ ಬರೆಯೋಣ ಎಂದವಳೂ ನೀನೇ. ಲೈಬ್ರರಿಯಲ್ಲಿ ಊರವರ ಬಾಯಿ ಮುಚ್ಚಿಸಿ ನಿನಗೆ ಅಭ್ಯಾಸ, ತಂಗಿಯ ಬಾಯಿಯನ್ನೂ ಹೀಗೆ ಮುಚ್ಚಿಸಿದೆ. ಆಗಲಿ ಬಿಡು. ಕಾಗದದಲ್ಲಿ ನಡುವೆ ಬಾಯಿ ಹಾಕುವವರಿಲ್ಲ, ಅದು ನನಗೂ ಅನುಕೂಲವೇ.

ಮಗಳ ಬಗ್ಗೆ ಕೆಲವು ವಿಷಯ ನೆನಪಿಟ್ಟುಕೋ. ಶಾಲೆಯ ಹೆಸರು ಹಿಡಿದು ಕರೆದರೆ ಅವಳು ತಿರುಗಿ ನೋಡುವುದಿಲ್ಲ. ಮಗುವಾಗಿದ್ದಾಗ ಗಿರಾಕಿಯ ಕೋಟಿನ ಗುಂಡಿ ನುಂಗಿದ ದಿನದಿಂದ ಅವಳು ಗುಂಡಿಯೇ. ಬಿಸಿ ಹಾಲು ಕುಡಿಯುವುದಿಲ್ಲ, ಆರಿಸಿ ಕೊಡು. ಬೈದರೆ ಎದುರು ಮಾತಾಡುವುದಿಲ್ಲ, ಎದ್ದು ಹೋಗಿಬಿಡುತ್ತಾಳೆ. ಆಗ ಹಿಂದೆ ಹೋಗಬೇಡ.

ಎಂಟನೆಯ ತರಗತಿಯವರೆಗೆ ಚೆನ್ನಾಗಿ ಓದುತ್ತಿದ್ದವಳು ಹೈಸ್ಕೂಲಿಗೆ ಕಾಲಿಟ್ಟದ್ದೇ ತಡ, ನೆಲ ಕಚ್ಚಿದಳು. ಒಂಬತ್ತನೆಯದರಲ್ಲಿ ಗಣಿತಕ್ಕೆ ಮೂವತ್ತೆಂಟು, ಹತ್ತನೆಯದರಲ್ಲಿ ಅದಕ್ಕಿಂತ ಕಡಿಮೆ. ಏನಾಯಿತು ಎಂದು ಕೇಳಿದರೆ ಭುಜ ಕುಣಿಸುತ್ತಾಳೆ. ಪಶುವೈದ್ಯೆ ಆಗಬೇಕೆಂಬ ಆಸೆ ಮಾತ್ರ ಹಾಗೇ ಇದೆ. ಆ ಕಾಲೇಜಿನವರು ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ ಅಂಕ ನೋಡುತ್ತಾರಂತೆ. ಉಳಿದ ಎರಡು ವರ್ಷದಲ್ಲಿ ಮೇಲೆದ್ದು ಬಂದರೆ ಕರೆಸಿ ಮಾತಾಡಿಸುತ್ತಾರೆ, ಇಲ್ಲವೆಂದರೆ ಅರ್ಜಿಯನ್ನು ಪಕ್ಕಕ್ಕೆ ಇಡುತ್ತಾರೆ ಎಂದು ಅವಳ ಟೀಚರ್ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. "ಓದೋ ವಾತಾವರಣ ಇರೋ ಮನೆ ಯಾವುದಾದ್ರೂ ನಿಮ್ಮ ಕಡೆ ಇದ್ಯಾ?" ಅಂದರು. ನನ್ನ ಮುಖಕ್ಕೇ ಕೇಳಿದರು, ಅಕ್ಕ. ನಾನು ನಿನ್ನ ಹೆಸರು ಹೇಳಿದೆ.

ಚಿಕ್ಕಂದಿನಲ್ಲಿ ಅಮ್ಮ ನನಗೆ ದಿನಕ್ಕೆ ಹತ್ತು ಸಲ "ಅಕ್ಕನ್ನ ನೋಡಿ ಕಲಿ" ಅನ್ನುತ್ತಿದ್ದಳಲ್ಲ, ಈಗ ನನ್ನ ಮಗಳನ್ನೂ ಅದೇ ಪಾಠಕ್ಕೆ ಕಳಿಸಿದ್ದೇನೆ. ನಿನ್ನ ಲೈಬ್ರರಿಯ ಭಾಷೆಯಲ್ಲೇ ಹೇಳುತ್ತೇನೆ: ಇದು ಎರವಲು. ಎರಡು ವರ್ಷ. ಆಮೇಲೆ ಹೇಗೆ ಕೊಟ್ಟೆನೋ ಹಾಗೇ ವಾಪಸು ಬರಬೇಕು.

ನಿನ್ನ ತಂಗಿ


ಜೂನ್ 29

ತಂಗಿ,

ನಿನ್ನ ಮಗಳನ್ನು ನಾನೇನು ಬಚ್ಚಿಟ್ಟುಕೊಳ್ಳುವುದಿಲ್ಲ, ಗಾಬರಿಪಡಬೇಡ.

ಹಿಂದುಗಡೆಯ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇನೆ. ಬೆಳಕು ಎಡಗಡೆಯಿಂದ ಬರುವ ಹಾಗೆ ಮೇಜು ಹಾಕಿಸಿದೆ. ಮೇಲಿನ ಮಹಡಿಯವರಿಗೆ ಟಿವಿ ಸಣ್ಣಗೆ ಇಡಲು ಹೇಳಿ ಬಂದೆ. ಗೋಡೆ ಗಡಿಯಾರದ ಟಿಕ್ ಟಿಕ್ ಸದ್ದೂ ಬೇಡವೆಂದು ಅದನ್ನು ಇಳಿಸಿ ಬೀರುವಿನಲ್ಲಿ ಇಟ್ಟೆ. ಈಗ ಈ ಮನೆಯಲ್ಲಿ ಎಲೆ ಬಿದ್ದರೂ ಕೇಳುತ್ತದೆ. ಓದುವ ಮಗುವಿಗೆ ಬೇಕಾದದ್ದು ಇಷ್ಟೇ. ನಿನಗೆ ಇದನ್ನು ಮಾಡಿಕೊಡಲು ಆಗಲಿಲ್ಲವೆಂದು ನಾನು ಹೇಳುತ್ತಿಲ್ಲ. ನಿನಗೆ ಹೊಲಿಗೆ ಅಂಗಡಿಯಿದೆ, ಗಿರಾಕಿಗಳಿದ್ದಾರೆ, ಪುರುಸೊತ್ತು ಎಲ್ಲಿಂದ ಬರಬೇಕು.

ಹಾಲನ್ನು ಆರಿಸಿಯೇ ಕೊಡುತ್ತಿದ್ದೇನೆ. ಇವತ್ತು "ಅಮ್ಮ ಇಷ್ಟು ತಣ್ಣಗೆ ಮಾಡಲ್ಲ" ಎಂದಳು. ನಾಳೆಯಿಂದ ಸ್ವಲ್ಪ ಕಡಿಮೆ ಆರಿಸುತ್ತೇನೆ.

ನಿನ್ನ ಅಕ್ಕ


ಸೆಪ್ಟೆಂಬರ್ 24

ಅಕ್ಕ,

ಮೊದಲ ಪರೀಕ್ಷೆಯ ಅಂಕ ನೋಡಿದೆ. ಗಣಿತಕ್ಕೆ ನಲವತ್ತೊಂದು. ನನ್ನ ಮನೆಯಲ್ಲಿ ಬರುತ್ತಿದ್ದುದಕ್ಕೂ ನಿನ್ನ ಮನೆಯಲ್ಲಿ ಬಂದದ್ದಕ್ಕೂ ಹೆಚ್ಚೇನೂ ಅಂತರವಿಲ್ಲ.

ನಿಜ ಹೇಳಲಾ? ಅಳು ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮುಂಚೆ ಒಂದು ಗಳಿಗೆ ಖುಷಿಯಾಯಿತು. ಗಡಿಯಾರ ಇಳಿಸಿದರೂ ನಿನ್ನ ಬೇಳೆ ಬೇಯಲಿಲ್ಲವಲ್ಲ ಎಂದು. ಪ್ಯಾಂಟಿನ ಅಂಚು ಮಡಿಸುತ್ತಾ ಕೂತವಳು ಒಬ್ಬಳೇ ನಕ್ಕುಬಿಟ್ಟೆ, ಅಂಗಡಿಗೆ ಬಂದಿದ್ದ ಹೆಂಗಸು ಏನಾಯಿತು ಎಂದು ಕೇಳಿದರು. ಮಗಳು ಸೋತದ್ದಕ್ಕೆ ನಗುವ ತಾಯಿ ನಾನೊಬ್ಬಳೇ ಇರಬೇಕು. ನಿನಗಲ್ಲದೆ ಇದನ್ನು ಇನ್ಯಾರಿಗೆ ಬರೆಯಲಿ, ನಿನ್ನಿಂದಲೇ ತಾನೇ ಹೀಗಾದದ್ದು.

ಇನ್ನೂ ನಾಲ್ಕು ತಿಂಗಳು ನೋಡುತ್ತೇನೆ. ಆಮೇಲೂ ಹೀಗೇ ಇದ್ದರೆ ಬಂದು ಕರೆದುಕೊಂಡು ಹೋಗುತ್ತೇನೆ. ಕೆಟ್ಟ ಅಂಕ ತೆಗೆಯುವುದಕ್ಕೆ ಸ್ವಂತ ಮನೆಯೇ ಸಾಕು.

ತಂಗಿ


ಡಿಸೆಂಬರ್ 3

ತಂಗಿ,

ಅಂಕಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಗಣಿತಕ್ಕೆ ಎಪ್ಪತ್ತೆರಡು, ಜೀವಶಾಸ್ತ್ರಕ್ಕೆ ಎಂಬತ್ತು. ಎರಡು ಸಲ ನೋಡು, ತಪ್ಪಿಲ್ಲ.

ನಾನು ವಿಶೇಷವಾಗಿ ಏನೂ ಮಾಡಲಿಲ್ಲ. ಗಡಿಯಾರವನ್ನು ಮತ್ತೆ ಗೋಡೆಗೆ ಹಾಕಿದೆ.

ಒಂದು ಮಾತು ಕೇಳುವುದಿತ್ತು. ಮೊದಲು ನೀನು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಯುತ್ತಿದ್ದೆಯಲ್ಲ? ಮಿಷನ್ನನ್ನು ಅಂಗಡಿಗೆ ಸಾಗಿಸಿದ್ದು ಯಾವಾಗ? ಸುಮ್ಮನೆ ಕೇಳಿದೆ.

ಅಕ್ಕ


ಜನವರಿ 5

ಅಕ್ಕ,

ರಜೆ ಮುಗಿಸಿ ಗುಂಡಿ ನಿನ್ನೆ ಬಸ್ಸು ಹತ್ತಿದಳು. ಈ ಸಲ ಅವಳು ನನ್ನ ಮನೆಗೆ ನೆಂಟಳ ಹಾಗೆ ಬಂದಿದ್ದಳು. ದೊಡ್ಡಮ್ಮ ಟವೆಲನ್ನು ಹೀಗೆ ಮಡಿಸ್ತಾರೆ, ದೊಡ್ಡಮ್ಮ ಪುಸ್ತಕ ಮಡಚಿ ಇಡಬಾರದು ಅಂತಾರೆ. ನನ್ನ ಮನೆಯಲ್ಲಿ ನಿನ್ನ ಹೆಸರಿನ ಜಪ ಕೇಳಿ ಕಿವಿ ತೂತಾಯಿತು. ಬೀದಿಯವರಿಗೂ ಅದೇ ಮಾತು. ಪಕ್ಕದ ಔಷಧಿ ಅಂಗಡಿಯವರು "ನಿಮ್ಮಕ್ಕ ಬಂಗಾರದಂಥವರು ಬಿಡಿ" ಅಂದರು. ನಿನ್ನನ್ನು ಅವರು ನೋಡಿಯೇ ಇಲ್ಲ.

ರಜೆಯಿಡೀ ನನ್ನ ಜೊತೆ ಅಂಗಡಿಗೆ ಬಂದಳು. ಅಮ್ಮನ ಹತ್ತಿರ ಇರಲು ಆಸೆಯಾಗಿ ಬಂದಳೆಂದು ಹಿಗ್ಗಿದೆ. ಎಲ್ಲಿಯ ಮಾತು! ಮಿಷನ್ನಿನ ಪಕ್ಕ ನೆಲದ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ಪುಸ್ತಕ. ನಾನು ಮಾತಿಗೆಂದು ಮಿಷನ್ ನಿಲ್ಲಿಸಿದರೆ "ಅಮ್ಮ, ನೀನು ಹೊಲಿ" ಅನ್ನುತ್ತಾಳೆ. ಹೆತ್ತ ತಾಯಿಯ ಜೊತೆ ಎರಡು ಮಾತಾಡಲು ಪುರುಸೊತ್ತಿಲ್ಲದಷ್ಟು ಓದಿನ ಹುಚ್ಚು ಹಿಡಿಸಿದ್ದೀಯ. ಅಂಕ ಬಂತು, ಮಗಳು ಹೋದಳು.

ಮಿಷನ್ ಸಾಗಿಸಿದ್ದು ಅವಳು ಒಂಬತ್ತನೆಯದಕ್ಕೆ ಸೇರಿದ ಜೂನಿನಲ್ಲಿ. ಮನೆಯಲ್ಲಿ ಗಿರಾಕಿಗಳ ಗಲಾಟೆ ಬೇಡ, ಹೈಸ್ಕೂಲಿನ ಹುಡುಗಿ, ಓದಲು ತೊಂದರೆಯಾಗಬಾರದು ಎಂದೇ ಸಾಗಿಸಿದೆ. ನನಗೂ ಸ್ವಂತ ಅಂಗಡಿಯೆಂಬ ಬೋರ್ಡು ಹಾಕುವ ಆಸೆ ಎಷ್ಟು ವರ್ಷದ್ದು, ನಿನಗೆ ಗೊತ್ತು. ಯಾಕೆ ಕೇಳಿದೆ?

ತಂಗಿ


ಏಪ್ರಿಲ್ 10

ತಂಗಿ,

ಹನ್ನೊಂದನೆಯ ತರಗತಿ ಮುಗಿಯಿತು. ತರಗತಿಗೆ ನಾಲ್ಕನೆಯವಳು. ಇದೇ ಓಟ ಇನ್ನೊಂದು ವರ್ಷ ಉಳಿಸಿಕೊಂಡರೆ ಕಾಲೇಜಿನವರು ಕರೆಸಿಯೇ ಕರೆಸುತ್ತಾರೆ. ಅದಕ್ಕೆ ಬೇಸಿಗೆ ರಜೆಗೂ ಅವಳನ್ನು ಇಲ್ಲೇ ಇರಿಸಿಕೊಳ್ಳುತ್ತೇನೆ. ಬೇಡ ಎನ್ನಬೇಡ.

ಅವಳು ಸದಾ ನನ್ನ ಜಪ ಮಾಡುತ್ತಾಳೆಂದು ಬರೆದಿದ್ದೆ. ಇಲ್ಲಿ ನಾನು ಕೇಳುವ ಜಪವೇ ಬೇರೆ, ಆದರೆ ಅದನ್ನು ಬರೆದು ನಿನ್ನ ತಲೆ ದೊಡ್ಡದು ಮಾಡುವ ಉದ್ದೇಶ ನನಗಿಲ್ಲ. ಮಿಷನ್ ಸಾಗಿಸಿದ್ದನ್ನು ಯಾಕೆ ಕೇಳಿದೆ ಎಂದಿದ್ದೆಯಲ್ಲ. ಹಾಗೇ ನೆನಪಾಗಿ ಕೇಳಿದ್ದೆ.

ಅಕ್ಕ


ಆಗಸ್ಟ್ 17

ಅಕ್ಕ ಎನಿಸಿಕೊಂಡವಳೇ,

ಇವರು ಲಾರಿಯ ಲೋಡು ಇಳಿಸಿ ಬರುವಾಗ ನಿನ್ನ ಮನೆಗೆ ಹೋಗಿ ಮಗಳನ್ನು ನೋಡಿಕೊಂಡು ಬಂದರು. ತಿಂಗಳಲ್ಲಿ ಎರಡು ದಿನ ಮನೆಯಲ್ಲಿರುವ ಮನುಷ್ಯ, ಅವರಿಗೆ ಯಾವ ಮಾತು ಎಲ್ಲಿ ಚುಚ್ಚುತ್ತದೆಂದು ಗೊತ್ತಾಗುವುದಿಲ್ಲ. ಊಟ ಮಾಡುತ್ತಾ ಹೇಳಿದರು: "ನಿಮ್ಮಕ್ಕ ಹೊಲಿಗೆ ಮಿಷನ್ ತಗೊಂಡಿದಾರೆ ಕಣೆ. ಅವರು ತುಳೀತಾ ಕೂತಿದ್ರು, ಗುಂಡಿ ಪಕ್ಕದಲ್ಲೇ ನೆಲದ ಮೇಲೆ ಕೂತು ಓದ್ತಾ ಇದ್ಲು. ಥೇಟ್ ನಮ್ಮನೆ ಥರಾನೇ ಇತ್ತು."

ತಟ್ಟೆ ಪಕ್ಕಕ್ಕೆ ಸರಿಸಿ ಈ ಕಾಗದ ಹಿಡಿದು ಕೂತೆ.

ನೀನು ಪುಸ್ತಕ ತೆಗೆದುಕೊಂಡೆ, ನಾನು ಬೇಡವೆನ್ನಲಿಲ್ಲ. ಅಮ್ಮನ ಹೊಗಳಿಕೆಯೆಲ್ಲ ನಿನಗೇ ಹೋಯಿತು, ಸಹಿಸಿಕೊಂಡೆ. ಮಗಳನ್ನು ನಾನೇ ಕೈಯಾರೆ ಕಳಿಸಿದೆ, ಅದನ್ನೂ ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ಈ ಲೋಕದಲ್ಲಿ ನನಗೆ ಬರುತ್ತಿದ್ದದ್ದು, ನಿನಗೆ ಬಾರದ್ದು ಒಂದೇ ಒಂದು ಕೆಲಸ. ಅದನ್ನೂ ಬಿಡಲಿಲ್ಲವಲ್ಲ ನೀನು. ಸೂಜಿ ಕಂಡರೆ ದೂರ ಸರಿಯುತ್ತಿದ್ದವಳು, ಸ್ಕೂಲಿನ ಹೊಲಿಗೆ ಪಾಠಕ್ಕೆ ನನ್ನಿಂದ ಕರವಸ್ತ್ರ ಹೊಲಿಸಿಕೊಂಡು ಹೋದವಳು, ಈಗ ನನ್ನ ಮಗಳಿಗೆ ಬಟ್ಟೆ ಹೊಲಿದು ಹಾಕುತ್ತೀಯಾ? ಎರವಲು ತಾಯಿಯಾದದ್ದು ಸಾಲಲಿಲ್ಲವೇನು?

ಹೌದು, ನನಗೆ ಹೊಟ್ಟೆ ಉರಿಯುತ್ತಿದೆ. ಧಗಧಗ ಉರಿಯುತ್ತಿದೆ. ಈಗಲೇ ಬಂದು ಕರೆತರುತ್ತಿದ್ದೆ. ಪರೀಕ್ಷೆಯ ವರ್ಷ, ಅವಳ ಕಾಲೇಜಿನ ಕನಸಿಗೆ ನನ್ನ ಕೈಯಾರೆ ಕಲ್ಲು ಹಾಕಲಾರೆ ಎಂದು ಹಲ್ಲು ಕಚ್ಚಿ ಕೂತಿದ್ದೇನೆ. ನನ್ನ ಈ ದುರ್ಬಲತೆ ನಿನಗೆ ಚೆನ್ನಾಗಿ ಗೊತ್ತು.

ಗುಂಡಿಯ ತಾಯಿ


ಆಗಸ್ಟ್ 25

ಗುಂಡಿಯ ತಾಯಿಗೆ,

ಮಿಷನ್ ತೆಗೆದುಕೊಂಡದ್ದು ನಿಜ. ಬೇಕೆನಿಸಿತು, ತಂದೆ. ಗುಂಡಿಗೆ ನಾನು ಯಾವ ಬಟ್ಟೆಯನ್ನೂ ಹೊಲಿದುಕೊಟ್ಟಿಲ್ಲ.

ಓದು ಚೆನ್ನಾಗಿ ನಡೆದಿದೆ.

ಗುಂಡಿಯ ದೊಡ್ಡಮ್ಮ


ಮಾರ್ಚ್ 20

ಅಕ್ಕ,

ಏಳು ತಿಂಗಳಿಂದ ನಿನಗೆ ಬರೆದಿರಲಿಲ್ಲ. ಕಾಲೇಜಿನವರು ಗುಂಡಿಯನ್ನು ಮಾತಾಡಿಸಲು ಕರೆದಿದ್ದಾರೆ ಎಂದು ನೀನು ಫೋನು ಮಾಡಿದಾಗಲೂ "ಸರಿ, ಬರ್ತೀನಿ" ಎಂದಷ್ಟೇ ಹೇಳಿ ಇಟ್ಟೆ. ಮೊನ್ನೆ ನಿನ್ನ ಮನೆಗೆ ಬಂದೆನಲ್ಲ, ಆಗಲೂ ಬಿಗುಮಾನ. ಆದ್ದರಿಂದ ಆಗ ಹೇಳದೇ ಉಳಿದದ್ದನ್ನು ಬರೆಯುತ್ತಿದ್ದೇನೆ.

ನಾನು ಬಂದಾಗ ನೀನಿನ್ನೂ ಲೈಬ್ರರಿಯಿಂದ ಬಂದಿರಲಿಲ್ಲ. ಗುಂಡಿ ಸ್ನಾನಕ್ಕೆ ಹೋದಳು. ನಾನು ನೇರ ಮಿಷನ್ ಹತ್ತಿರ ಹೋದೆ. ಕಳ್ಳಿಯ ಹಾಗೆ ಮುಚ್ಚಳ ತೆಗೆದೆ. ನಿನ್ನ ಹೊಲಿಗೆ ಎಷ್ಟು ಸೊಟ್ಟಗಿದೆ ನೋಡಿ, ಮಗಳ ಮುಂದೆ ನಾಲ್ಕು ಕೊಂಕು ಮಾತಾಡಿ ಎದೆ ತಂಪು ಮಾಡಿಕೊಳ್ಳಬೇಕೆಂದು ಬಂದಿದ್ದೆ.

ಸೂಜಿಗೆ ದಾರ ಇರಲಿಲ್ಲ. ಅಡಿಯ ದಾರ ಸುತ್ತಿದ ಬಾಬಿನ್ ಇಡುವ ಜಾಗದಲ್ಲಿ ಬಾಬಿನ್ನೇ ಇರಲಿಲ್ಲ, ಧೂಳು ಕೂತಿತ್ತು. ಡ್ರಾಯರ್ ಎಳೆದೆ, ಒಂದು ಕತ್ತರಿಯಿಲ್ಲ, ಒಂದು ಚೂರು ಬಟ್ಟೆಯಿಲ್ಲ. ಆದರೆ ಬೆಲ್ಟು ಸಡಿಲವಾಗುವಷ್ಟು ಸವೆದಿತ್ತು, ಪೆಡಲಿನ ಬಣ್ಣ ನಿನ್ನ ಪಾದದ ಆಕಾರದಲ್ಲಿ ಅಳಿಸಿಹೋಗಿತ್ತು. ಬಟ್ಟೆ ಎಳೆಯುವ ಹಲ್ಲುಗಳು ಬಟ್ಟೆಯಿಲ್ಲದೆ ಉಜ್ಜಿ ಉಜ್ಜಿ ನುಣ್ಣಗಾಗಿದ್ದವು. ಒಂದು ಕರವಸ್ತ್ರವನ್ನೂ ಹೊಲಿಯದ ಮಿಷನ್ ಇಷ್ಟು ದುಡಿದದ್ದನ್ನು ನಾನು ಎಲ್ಲೂ ಕಂಡಿಲ್ಲ. ಏನೆಂದು ಆಗ ಅರ್ಥವಾಗಲಿಲ್ಲ. ಅಕ್ಕನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಮುಚ್ಚಳ ಮುಚ್ಚಿ, ನೀನು ಬಂದ ಮೇಲೆ ಚಹಾ ಕುಡಿದೆ.

ಮರುದಿನ ನೀನು ಕಾಲೇಜಿಗೆ ಬರಲಿಲ್ಲ. "ನೀನು ತಾಯಿ, ನೀನೇ ಕರ್ಕೊಂಡು ಹೋಗು" ಎಂದು ಬಾಗಿಲಲ್ಲೇ ನಿಂತೆ. ನಾನು ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ. ಒಳಗೆ ಏನು ಕೇಳುತ್ತಾರೆಂದು ಗೊತ್ತೇ ಇತ್ತು. ಮೊದಲೆರಡು ವರ್ಷ ಹೀಗೇಕೆ, ಆಮೇಲೆ ಹೇಗೆ ಸುಧಾರಿಸಿದೆ ಎಂದು. ಹೊರಗೆ ಬೆಂಚಿನ ಮೇಲೆ ಕೂತು ನಾನು ಬೇಡಿಕೊಂಡದ್ದು ಅವಳಿಗೆ ಸೀಟು ಸಿಗಲಿ ಎಂದಲ್ಲ, ಅವಳು ನಿನ್ನ ಹೆಸರು ಹೇಳದಿರಲಿ ಎಂದು. ನನ್ನ ಯೋಗ್ಯತೆ ನೋಡು.

ವಾಪಸು ಬರುವಾಗ ತಡೆಯಲಾಗದೆ ಕೇಳಿದೆ.

"ಯಾರ ಹೆಸರು ಹೇಳಿದೆ?"

"ಯಾರದ್ದೂ ಹೇಳ್ಲಿಲ್ಲ. ಮಿಷನ್ ವಿಷ್ಯ ಹೇಳ್ದೆ."

"ಯಾರ ಮಿಷನ್?"

"ಎರಡೂ."

ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ನೀನು ಅಂಗಡಿ ಮಾಡಿದ್ಮೇಲೆ ಮನೆ ತುಂಬಾ ಸುಮ್ನಿತ್ತಮ್ಮ. ಹುಟ್ಟಿದಾಗಿಂದ ಆ ಸದ್ದಲ್ಲೇ ಓದಿದ್ದು. ಅದಿಲ್ದೆ ಪುಸ್ತಕ ತೆಗೆದ್ರೆ ಒಂದಕ್ಷರ ತಲೆಗೆ ಹತ್ತುತಿರ್ಲಿಲ್ಲ. ಮೊದಲು ನಂಗೇ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ ಹೇಳ್ಲಿಲ್ಲ. ಹೇಳಿದ್ರೆ ನೀನು ಅಂಗಡಿ ಮುಚ್ಚಿಬಿಡ್ತಿದ್ದೆ."

ಮುಚ್ಚುತ್ತಿದ್ದೆ, ಅಕ್ಕ. ಆ ಕ್ಷಣವೇ ಮುಚ್ಚುತ್ತಿದ್ದೆ.

ಎರಡು ವರ್ಷ ನೀನು ನನಗೆ ಒಂದು ಮಾತು ಬರೆಯಲಿಲ್ಲ. ಯಾಕೆ?

ನಿನ್ನ ತಂಗಿ


ಮಾರ್ಚ್ 28

ತಂಗಿ,

ಯಾಕೆಂದು ಕೇಳಿದ್ದೀಯ. ಹೇಳುತ್ತೇನೆ, ಓದಿ ಬೈದುಕೋ.

ಮೊದಲ ವರ್ಷ ಅಕ್ಟೋಬರಿನಲ್ಲಿ ಒಂದು ಸಂಜೆ ಗುಂಡಿ ಮನೆಗೆ ಬರಲಿಲ್ಲ. ಹಿಂದಿನ ದಿನ ಅಂಕದ ವಿಷಯಕ್ಕೆ ಬೈದಿದ್ದೆ. ಓಡಿಹೋದಳೆಂದು ಜೀವ ಬಾಯಿಗೆ ಬಂತು. ಬೀದಿ ಬೀದಿ ಹುಡುಕಿದೆ. ಕೊನೆಗೆ ಸಿಕ್ಕಿದ್ದು ನಮ್ಮ ಲೈಬ್ರರಿಯ ಹಿಂದಿನ ಓಣಿಯಲ್ಲಿ. ಅಲ್ಲೊಬ್ಬ ದರ್ಜಿಯ ಅಂಗಡಿಯಿದೆ. ಅದರ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು. ಒಂದು ವಾರದಿಂದ ಬರ್ತಾ ಇದಾಳೆ ಎಂದು ದರ್ಜಿ ಹೇಳಿದ. ನಾನು ಎದುರು ನಿಂತರೂ ಅವಳಿಗೆ ಪರಿವೆಯಿಲ್ಲ. ಪೆನ್ಸಿಲು ಮಿಷನ್ನಿನ ಓಟಕ್ಕೆ ಓಡುತ್ತಿತ್ತು.

ಆ ಹೊತ್ತು ನನಗೆ ಎಷ್ಟು ಸಂಕಟವಾಯಿತೆಂದು ನಿನಗೆ ಹೇಗೆ ತಿಳಿಸಲಿ. ನಾನು ಅವಳಿಗೋಸ್ಕರ ಇಡೀ ಕಟ್ಟಡದ ಬಾಯಿ ಮುಚ್ಚಿಸಿದೆ. ಅವಳು ನನ್ನ ನಿಶ್ಶಬ್ದವನ್ನು ಬಿಟ್ಟು, ನಿನ್ನ ಸದ್ದನ್ನು ಹುಡುಕಿಕೊಂಡು ಬೀದಿಯ ಮೆಟ್ಟಿಲಿಗೆ ಹೋದಳು. ಅಮ್ಮ ಕಾಲು ಕುಣಿಸ್ತಾ ಹೊಲೀತಾಳೆ, ಅಮ್ಮ ದಾರ ಹಲ್ಲಲ್ಲಿ ಕಡೀತಾಳೆ, ಅಮ್ಮನ ಬೆರಳಲ್ಲಿ ಎಣ್ಣೆ ವಾಸನೆ. ಗುಂಡಿಯ ಬಾಯಲ್ಲಿ ನಾನು ದಿನಾ ಕೇಳುತ್ತಿದ್ದ ಜಪ ಇದು. ಚಿಕ್ಕಂದಿನಲ್ಲಿ ನಮ್ಮಮ್ಮ ನನ್ನನ್ನು ಹೊಗಳುತ್ತಿದ್ದಳು, ನಿಜ. ಆದರೆ ಮಲಗುವಾಗ ನಿನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ನನಗೂ ಹೊಟ್ಟೆ ಇದೆ ಕಣೆ, ಅದೂ ಉರಿಯುತ್ತದೆ.

ಅವತ್ತೇ ನಿನಗೆ ಬರೆಯಬೇಕಿತ್ತು. ಬರೆದರೆ ನೀನು ಮಿಷನ್ನನ್ನು ಮನೆಗೆ ಸಾಗಿಸಿ, ಮುಂದಿನ ಬಸ್ಸಿಗೇ ಬಂದು ಅವಳ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದೆ. ನಿನ್ನ ಅಂಗಡಿ ಉಳಿಯಲೆಂದು ಬರೆಯಲಿಲ್ಲ ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಅವಳು ನನ್ನ ಮನೆಯಲ್ಲೇ ಇರಲಿ ಎಂದು ಬರೆಯಲಿಲ್ಲ. ಅದೇ ದರ್ಜಿಯ ಹಳೆಯ ಮಿಷನ್ನನ್ನು ಕೊಂಡು ತಂದೆ. ನನಗೆ ದಾರ ಪೋಣಿಸಲೂ ಬರುವುದಿಲ್ಲ. ಲೈಬ್ರರಿಯಿಂದ ಬಂದು ಸೀರೆಯನ್ನೂ ಬದಲಿಸದೆ ತುಳಿಯುತ್ತಾ ಕೂರುತ್ತಿದ್ದೆ, ಅವಳು ಪಕ್ಕದಲ್ಲಿ ಓದುತ್ತಿದ್ದಳು. ಮೇಲಿನ ಮಹಡಿಯವರು ಈಗ ನನಗೇ ಸದ್ದು ಕಡಿಮೆ ಮಾಡಿ ಅನ್ನುತ್ತಾರೆ.

ನಿನ್ನ ಹಾಗೆ ಕಾಣಬೇಕೆಂದು ಒಮ್ಮೆ ಕಾಲು ಕುಣಿಸಿಯೂ ನೋಡಿದೆ. "ದೊಡ್ಡಮ್ಮ, ಹಂಗಲ್ಲ" ಎಂದಳು.

ಅಕ್ಕ


ಜುಲೈ 2

ಅಕ್ಕ,

ಸೀಟು ಸಿಕ್ಕಿದ ದಿನ ಫೋನಿನಲ್ಲಿ ಇಬ್ಬರೂ ಅತ್ತೆವಲ್ಲ, ಜಗಳ, ಬಿಗುಮಾನ ಎರಡೂ ಇಲ್ಲದೆ ಮುಗಿದ ನಮ್ಮ ಮೊದಲ ಫೋನು ಅದು. ಆದರೂ ಇದನ್ನು ಬರೆದೇ ತಿಳಿಸುತ್ತೇನೆ, ನಿನ್ನ ಮುಖ ನನಗೆ ಕಾಣಬಾರದು, ದನಿಯೂ ಕೇಳಬಾರದು.

ಗುಂಡಿ ಹಾಸ್ಟೆಲಿನಿಂದ ನಿನ್ನೆ ಫೋನು ಮಾಡಿದ್ದಳು. ನನಗಿದ್ದ ಚಿಂತೆ ಒಂದೇ. ಹಾಸ್ಟೆಲಿನಲ್ಲಿ ಮಿಷನ್ ಎಲ್ಲಿಂದ ಬರಬೇಕು, ಅಲ್ಲಿ ಹೇಗೆ ಓದುತ್ತಾಳೆ? ನನ್ನ ಮಿಷನ್ನಿನ ಸದ್ದನ್ನು ಫೋನಿನಲ್ಲಿ ತುಂಬಿ ಕಳಿಸಲೇ ಎಂದು ಕೇಳಿದೆ. ಆಗ ನಕ್ಕಳು. "ಬೇಡಮ್ಮ. ನನ್ ರೂಮಿನ ಹುಡುಗಿ ಊಟ ಆದ ತಕ್ಷಣ ಮಲಗ್ತಾಳೆ. ಏನ್ ಗೊರಕೆ ಅಂತೀಯ! ಒಂದೇ ಸಮ, ಥೇಟ್ ಮಿಷನ್ನೇ. ಚೆನ್ನಾಗಿ ಓದಿಸ್ಕೊಂಡು ಹೋಗತ್ತೆ" ಎಂದಳು.

ಅಕ್ಕ, ಕಂಡು ಕೇಳರಿಯದ ಆ ಗೊರಕೆಯ ಹುಡುಗಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ನಿನ್ನ ಮೇಲೂ ಯಾವತ್ತೂ ಬಂದಿರಲಿಲ್ಲ. ನಿನಗೆ ಅಂಥದ್ದೇನೂ ಆಗಲಿಕ್ಕಿಲ್ಲ ಬಿಡು. ನೀನು ಓದಿದವಳು.

ನಿನ್ನ ತಂಗಿ


ಜುಲೈ 9

ತಂಗಿ,

ಆಯಿತು.

ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲಿ ಹೊಟ್ಟೆಕಿಚ್ಚು ಎಷ್ಟು ಆಯಿತೆಂದರೆ, ಲೈಬ್ರರಿಯಲ್ಲಿ ಮೆಲ್ಲಗೆ ಪುಟ ತಿರುಗಿಸುತ್ತಿದ್ದ ಒಬ್ಬ ಮುದುಕರಿಗೆ "ಸದ್ದು ಮಾಡಬೇಡಿ" ಎಂದು ಗದರಿಬಿಟ್ಟೆ. ಪಾಪ, ಅವರು ಪುಸ್ತಕ ಅಲ್ಲೇ ಬಿಟ್ಟು ಹೋದರು.

ಸಂಜೆ ಮನೆಗೆ ಬಂದರೆ ಕಾಲು ತಾನಾಗಿ ಮಿಷನ್ ಕಡೆಗೇ ಹೋಗುತ್ತದೆ. ಕೂತು ತುಳಿಯುತ್ತೇನೆ. ಪಕ್ಕದ ನೆಲದ ಮೇಲೆ ಅವಳು ಕೂತ ಜಾಗ ಹಾಗೇ ಇದೆ. ಇನ್ನು ಖಾಲಿ ತುಳಿಯಲು ನನ್ನಿಂದ ಆಗುವುದಿಲ್ಲ.

ಬರುವ ಭಾನುವಾರ ನಿನ್ನ ಅಂಗಡಿಗೆ ಬರುತ್ತಿದ್ದೇನೆ. ಸೂಜಿಗೆ ದಾರ ಪೋಣಿಸುವುದು ಹೇಗೆಂದು ಹೇಳಿಕೊಡು, ನಗಬೇಡ. ಕಲಿತಾದ ಮೇಲೂ ಒಂದು ಗಳಿಗೆ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ, ನೀನು ನಿನ್ನ ಪಾಡಿಗೆ ಹೊಲಿಯುತ್ತಿರು. ಇಲ್ಲಿ ಮನೆ ತುಂಬಾ ಸುಮ್ಮನಿದೆ ಕಣೆ.

ನಿನ್ನ ಅಕ್ಕ